ಭಂಡಾರಕ್ಕೆ ಬಗ್ಗದ ಜವೆಗೋಧಿ

ನಮ್ಮ ಧಾರವಾಡ ಸೀಮೆಯಲ್ಲಿ ಗೋಧಿಗೆ ತುಕ್ಕುರೋಗ ಬಂದರೆ 'ಭಂಡಾರ ಬಿತ್ತು' ಅನ್ನುತ್ತಾರೆ. ಎಲೆ ಸವರಿದರೆ ಬೆರಳಿಗೆ ಕಿತ್ತಳೆ ಪುಡಿ ಹತ್ತುತ್ತದೆ. ನಾಲ್ಕು ಸಾಲು ದಾಟುವಷ್ಟರಲ್ಲಿ ಧೋತರದ ಅಂಚಿಗೂ ಅದೇ ಬಣ್ಣ. ಕಾಂಡಕ್ಕೆ ಬರುವ ತುಕ್ಕು ಇನ್ನೂ ಕ್ರೂರ. ಇಟ್ಟಂಗಿ ಬಣ್ಣದ ಗುಳ್ಳೆ ಒಡೆದು, ಕಡೆಗೆ ಕಪ್ಪಾಗಿ, ಕಾಳು ಜೊಳ್ಳಾಗುತ್ತದೆ.

ಬಯಲುಸೀಮೆಯ ಬೇಸಿಗೆಗೆ ತುಕ್ಕು ತರುವ ಶಿಲೀಂಧ್ರ ಸಾಯುತ್ತದೆ. ಮತ್ತೆ ಹಿಂಗಾರಿಗೆ ಬರುವುದೆಲ್ಲಿಂದ? ಬೆನ್ನು ಹತ್ತಿ ಹುಡುಕಿದವರು ಆಗ್ರಾ ಕಾಲೇಜಿನ ಕರಮ್ ಚಂದ್ ಮೆಹ್ತಾ. ಕಾಂಡತುಕ್ಕು ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಜೀವ ಹಿಡಿದು, ಗಾಳಿಯೇರಿ ಬಯಲಿಗೆ ಇಳಿಯುತ್ತದೆಂದು ತೋರಿಸಿದರು. ಅವರ ದೊಡ್ಡ ಗ್ರಂಥ ಬಂದದ್ದು 1940ರಲ್ಲಿ.

ಇಂಥ ಗಾಳಿಯಲ್ಲೇ ತಲೆತಲಾಂತರದಿಂದ ನಿಂತದ್ದು ಜವೆಗೋಧಿ. ಸದಕ ಅಂತಲೂ ಕರೆಯುತ್ತೇವೆ, ಮರಾಠಿಯವರಿಗೆ ಅದು ಖಪ್ಲಿ. ಹುಗ್ಗಿಗೂ ಮಾದಲಿಗೂ ಇದೇ ಬೇಕು. ಆದರೆ ಒಕ್ಕಿದರೂ ಸಿಪ್ಪೆ ಬಿಡದ ಕಾಳು. ಒರಳಿಗೆ ಹಾಕಿ ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕು. ನಮ್ಮವ್ವನ ಅಂಗೈಯ ಜಡ್ಡು ಈ ಕಾಳಿನದೇ. ಹೆಚ್ಚು ಇಳುವರಿಯ ಗಿಡ್ಡ ತಳಿಗಳು ಬಂದ ಮೇಲೆ ಅನೇಕರು ಬಿತ್ತುವುದನ್ನೇ ಬಿಟ್ಟರು. ಅವರನ್ನು ನಾನು ದೂರಲಾರೆ.

ಹೊರದೇಶದವರು ಮಾತ್ರ ಇದರ ಬಲ ಮೊದಲೇ ಗುರುತಿಸಿದ್ದರು. ಆಸ್ಟ್ರೇಲಿಯದಲ್ಲಿ ಖಪ್ಲಿಯನ್ನು ಸ್ಟೈನ್‌ವೆಡೆಲ್ ತಳಿಗೆ ಕೂಡಿಸಿ 'ಖಪ್‌ಸ್ಟೈನ್' ಮಾಡಿದರು. 1962ರಲ್ಲಿ ಕೆನಡಾದ ವಿಜ್ಞಾನಿ ನಾಟ್ ಆ ಖಪ್‌ಸ್ಟೈನಿನ ತುಕ್ಕು ತಡೆಯುವ ಗುಣ ಯಾವ ವಂಶವಾಹಿಗಳಿಂದ ಬಂದದ್ದೆಂದು ವಿಂಗಡಿಸಿದರು. ಅವುಗಳಲ್ಲೊಂದು ಎಸ್‌ಆರ್13. ಉಗಾಂಡದಲ್ಲಿ 1998ರಲ್ಲಿ ಕಾಣಿಸಿಕೊಂಡು ಜಗತ್ತಿನ ಗೋಧಿ ಬೆಳೆಗಾರರನ್ನು ಬೆದರಿಸಿದ ಯುಜಿ99 ತುಕ್ಕನ್ನೂ ಇದು ತಡೆಯುತ್ತದೆ.

2017ರಲ್ಲಿ ವಿಜ್ಞಾನಿಗಳು ಆ ವಂಶವಾಹಿಯನ್ನೇ ಬಿಡಿಸಿ ನೋಡಿದರು. ಅದು ಕಾವಲುಗಾರನ ಹಾಗೆ: ಶಿಲೀಂಧ್ರ ಒಳಹೊಕ್ಕ ಸುಳಿವು ಸಿಕ್ಕಾಗ ಸಂಕಟಕಾಲದ ಪ್ರೋಟೀನುಗಳ ಆರು ವಂಶವಾಹಿಗಳು ಚುರುಕಾಗುತ್ತವೆ. ಇಂಥ ಪ್ರೋಟೀನುಗಳನ್ನು ಮೊದಲು ಕಂಡದ್ದು 1970ರಲ್ಲಿ, ವೈರಸ್ ತಗುಲಿದ ತಂಬಾಕಿನ ಎಲೆಯಲ್ಲಿ. ಇವುಗಳಲ್ಲಿ ಕೈಟಿನೇಸ್ ಎಂಬುದು ಶಿಲೀಂಧ್ರದ ಗೋಡೆಯ ಕೈಟಿನನ್ನು ಕತ್ತರಿಸಿದರೆ, ಗ್ಲುಕನೇಸ್ ಅದೇ ಗೋಡೆಯ ಗ್ಲುಕನನ್ನು ಕತ್ತರಿಸುತ್ತದೆ. ಎಸ್‌ಆರ್13ರ ತಡೆ ತಂಪಿಗಿಂತ ಸೆಕೆಯಲ್ಲೇ ಜೋರು. ಬಿಸಿಲುಸೀಮೆಯವನಾದ ನನಗೆ ಇದರಷ್ಟು ಸಂತೋಷದ ಸುದ್ದಿ ಬೇರೆಯಿಲ್ಲ.

ಆದರೆ ಇಥಿಯೋಪಿಯದ ಒಂದು ತುಕ್ಕುವಂಶ ಎಸ್‌ಆರ್13 ಅನ್ನೂ ಮೀರಿದೆ. ಹಾಗಾಗಿ ಒಂದೇ ವಂಶವಾಹಿ ನಂಬಿ ಕೂರಲಾಗದು. ಬಗೆಬಗೆಯ ಹಳೆ ಬೀಜ ಹೊಲದಲ್ಲಿ ಉಳಿಯಬೇಕು. ಜಮೀನಿದ್ದವರು ಎರಡು ಗುಂಟೆಯಾದರೂ ಜವೆಗೋಧಿಗೆ ಬಿಡಿ, ಬೀಜ ಕಾಯ್ದಿಡಿ, ಕೇಳಿದವರಿಗೆ ಕೊಡಿ.