ಪೋಂತ್ವಾಜ್‌ನ ಕೋಸಿನ ಮಡಿಗಳು
ಇಂಪ್ರೆಷನಿಸ್ಟ್ ಚಿತ್ರಕಾರರ ತೋಟವೆಂದೊಡನೆ ನೆನಪಾಗುವುದು ಮೊನೆಯ ಜಿವರ್ನಿ, ಅಲ್ಲಿನ ನೈದಿಲೆ ಕೊಳ. ಆ ಕೊಳದ ಕೆಲಸ ಶುರುವಾದದ್ದು 1893ರಲ್ಲಿ, ಮೊನೆಯ ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ. ಅದಕ್ಕೂ ಎರಡು ದಶಕ ಮೊದಲೇ ಕಮೀಲ್ ಪಿಸ್ಸಾರೊ ಪ್ಯಾರಿಸಿನಿಂದ ಸುಮಾರು 30 ಕಿಲೋಮೀಟರ್ ದೂರದ ಪೋಂತ್ವಾಜ್‌ನಲ್ಲಿ ತರಕಾರಿ ಮಡಿಗಳನ್ನು ಚಿತ್ರಿಸುತ್ತಿದ್ದ. ಈ ಪಂಥದ ಹಳ್ಳಿತೋಟವನ್ನು ವಿಹಾರದ ಜಾಗವೆಂದು ನೋಡುವ ರೂಢಿ ಜಿವರ್ನಿಯಿಂದ ಬಂದದ್ದು. ಪೋಂತ್ವಾಜ್‌ನಿಂದ ನೋಡತೊಡಗಿದರೆ ಅದು ದುಡಿಮೆಯ ನೆಲ. ಪ್ಯಾರಿಸ್ ಪೇಟೆಗೆ ತರಕಾರಿ ಬೆಳೆಯುತ್ತಿದ್ದ ಊರದು, ಅದರ ಹೆಸರು ಹೊತ್ತ ಕೋಸಿನ ತಳಿಯೇ ಇದೆ. 1874ರ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನಕ್ಕೆ ಬಂದ ವಿಮರ್ಶಕರಿಗೂ ಈ ದುಡಿಮೆಯ ನೆಲ ಕಣ್ಣಿಗೆ ಬಿದ್ದಿತ್ತು. ಹಿಮ ಬಿದ್ದ ಉಳುಮೆಯ ಸಾಲುಗಳ ಪಿಸ್ಸಾರೊನ ಚಿತ್ರವನ್ನು ಲೂಯಿ ಲೆರ್ವಾ ಗೇಲಿ ಮಾಡಿದ. ಚಿತ್ರಕಾರ ಕುರ್ಬೆಯ ವಾಸ್ತವವಾದದ ಪರ ವಹಿಸುತ್ತಿದ್ದ ಕಸ್ತಾನ್ಯಾರಿ ಕೂಡ ಪಿಸ್ಸಾರೊಗೆ ಕಾಯಿಪಲ್ಲೆ ತೋಟಗಳ ಮೇಲೆ, ಕೋಸಿನ ಮೇಲೆ ಇದೆಂಥ ಮೋಹ ಎಂದು ಬೇಸರಪಟ್ಟ. ಹೊಲಗದ್ದೆಯ ಬಡವರನ್ನು ಒಪ್ಪಿದವನಿಗೂ ಕೋಸು ಜೀರ್ಣವಾಗಲಿಲ್ಲ!

ಪಿಸ್ಸಾರೊಗೆ ಬೇಕಿದ್ದದ್ದು ಬೆಳಕು, ಕೋಸು ಬರೀ ನೆಪ ಎನ್ನುವವರಿದ್ದಾರೆ. ಬೆಳಕಿನ ಮಾತು ಸರಿ. ಆದರೆ ಬೆಳಕಷ್ಟೇ ಸಾಕಿದ್ದರೆ ಅವನಿಗೆ ಊರಿನ ಸಾರ್ವಜನಿಕ ಉದ್ಯಾನವಿತ್ತು. ಅದನ್ನೂ ಬರೆದ, ಅಲ್ಲಿಗೇ ನಿಲ್ಲಲಿಲ್ಲ. ಕುಂಚದ ಬಿಡಿಬಿಡಿ ಹೊಡೆತಗಳನ್ನು ನಂಬಿ ಇತಿಹಾಸ ಹೇಳಬಹುದೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದಕ್ಕೆ 1877ರ ಒಂದು ಜೋಡಿ ಚಿತ್ರಗಳನ್ನು ನೋಡಬೇಕು. ಆ ವಸಂತದಲ್ಲಿ ಪಿಸ್ಸಾರೊ ಬರೆದ, ಈಗ ಓರ್ಸೆ ಸಂಗ್ರಹಾಲಯದಲ್ಲಿರುವ ಚಿತ್ರದ ತೋಟವನ್ನೇ ಅದೇ ವರ್ಷ ಸೆಜಾನ್ ಕೂಡ ಬರೆದ. ಇಬ್ಬರ ಕೈಯೂ ಬೇರೆ, ಸ್ವಭಾವವೂ ಬೇರೆ. ಆದರೂ ಮುಂದೆ ತರಕಾರಿ ನೆಲ, ನಡುವೆ ಹೂಬಿಟ್ಟ ಹಣ್ಣಿನ ಮರಗಳು, ಹಿಂದೆ ಗುಡ್ಡದ ಮಗ್ಗುಲಿನ ಮನೆಗಳು: ಈ ವಿನ್ಯಾಸ ಎರಡರಲ್ಲೂ ಉಳಿದಿದೆ. ಒಂದೊಂದು ಗಿಡವನ್ನು ಎಣಿಸಲು ಇವು ಬಾರವು, ನೆಲದ ಬಳಕೆ ಹೇಗಿತ್ತೆಂದು ತಿಳಿಯಲು ಧಾರಾಳ ಸಾಕು.

ಇನ್ನು, ಪಟ್ಟಣದವನು ಹಳ್ಳಿಯನ್ನು ಚಂದಗಾಣಿಸಿದ ಎಂಬ ದೂರು. ಹಾಗೆ ಚಂದಗಾಣಿಸುವವನು ವಾಜ್ ನದಿಯ ಆಚೆ ದಡದ ಕಾರ್ಖಾನೆಯನ್ನು ಮರೆಮಾಚುತ್ತಿದ್ದ. ಪಿಸ್ಸಾರೊ 1873ರಲ್ಲೇ ಅದರ ಹೊಗೆಕೊಳವೆಗಳನ್ನು ಬರೆದ. ಹಳ್ಳಿಯ ದುಡಿಮೆ ಅವನಿಗೆ ಹೊರಗಿನದೂ ಆಗಿರಲಿಲ್ಲ: ಅವನ ಹೆಂಡತಿ ಜೂಲಿ ಬರ್ಗಂಡಿಯ ಬೇಸಾಯಗಾರರ ಮಗಳು, ಮೊದಲು ಅವನ ತಂದೆತಾಯಿಯ ಮನೆಯಲ್ಲಿ ಕೆಲಸಕ್ಕಿದ್ದವಳು. ಚಿತ್ರಗಳು ಮಾರಾಟವಾಗದ ಆ ವರ್ಷಗಳಲ್ಲಿ ಮಕ್ಕಳ ಊಟಕ್ಕೆ ಆಸರೆಯಾದದ್ದು ಅವಳು ಬೆಳೆದ ತರಕಾರಿ.