ಲೆಕ್ಕಕ್ಕೆ ಸಿಗದ ಹಿಡಿತ

ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಕಾರವಾರ, ಅಂಕೋಲಾ ಸೀಮೆಯಲ್ಲಿ ನಿದ್ದೆಗೆಡುವ ಕಾಲ ಶುರು. ಒಂದು ಊರಲ್ಲಿ ಯಕ್ಷಗಾನ, ಪಕ್ಕದ ಊರಲ್ಲಿ ಹೊನಲು ಬೆಳಕಿನ ಕಬಡ್ಡಿ. ಕಾಳಿ ನದಿ ದಂಡೆಯ ಮಲ್ಲಾಪುರದಲ್ಲಿ ಕೈಗಾ ಅಣುಸ್ಥಾವರದ ನೌಕರರ ವಸತಿ ಎದ್ದ ಮೇಲೆ ದೇಶದ ನಾನಾ ಮೂಲೆಯವರು ಊರಿಗೆ ನೆರೆಹೊರೆಯಾದರು. ಕಬಡ್ಡಿಗೆ ತಮಿಳರು ಸಡುಗುಡು ಎನ್ನುತ್ತಾರೆ, ಬಂಗಾಳಿಗಳು ಹಾಡುಡು, ಮರಾಠಿಗರು ಹುತುತು. ಆಟ ಅರ್ಥವಾಗಲು ಮಾತ್ರ ಯಾರಿಗೂ ದುಭಾಷಿ ಬೇಕಿಲ್ಲ.

ಇಂಥ ಪಂದ್ಯಾವಳಿಗಳ ಕರಪತ್ರದಲ್ಲಿ ಮೊದಲ, ಎರಡನೆಯ ಬಹುಮಾನಗಳ ಕೆಳಗೆ ಸಾಮಾನ್ಯವಾಗಿ ಮೂರು ವೈಯಕ್ತಿಕ ಬಹುಮಾನಗಳಿರುತ್ತವೆ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ. ದಾಳಿಗಾರನ ಹೆಸರು ಊರೂರಿಗೆ ಹಬ್ಬುತ್ತದೆ. ಸವ್ಯಸಾಚಿಗೆ ಆ ಪದದ ಗತ್ತೇ ಸಾಕು. ನಡುವೆ ನಿಂತವನು ಹಿಡಿತಗಾರ, ಆಡುಮಾತಿನಲ್ಲಿ ಕ್ಯಾಚರ್. ಪಂದ್ಯ ಗೆಲ್ಲಿಸಿ, ಮೊಣಕೈ ತರಚಿಕೊಂಡು, ಮರುದಿನ ಯಾರ ನೆನಪಿನಲ್ಲೂ ಉಳಿಯದವನು. ಅವನ ಕಸುಬು ಬೆಳೆದು ಬಂದ ಬಗೆಯನ್ನು ಹುಡುಕಹೊರಟರೆ ದಾರಿ ವಿಚಿತ್ರವಾಗಿ ಅಮೆರಿಕದ ಹಳೆಯ ಫುಟ್‌ಬಾಲ್ ಮೈದಾನಕ್ಕೂ ಹಾದುಹೋಗುತ್ತದೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವವನನ್ನು ಅಡ್ಡಗಟ್ಟಿ ನೆಲಕ್ಕೆ ಕೆಡಹುವ ಕೆಲಸ ಲೈನ್‌ಬ್ಯಾಕರ್‌ನದು. ಎದುರು ಬದುರು ನಿಂತ ದಡೂತಿಗಳ ಸಾಲಿನ ಹಿಂದೆ ಒಂದೆರಡು ಹೆಜ್ಜೆ ಬಿಟ್ಟು ನಿಂತು, ಎದುರಾಳಿಯ ಕಣ್ಣು, ಸೊಂಟ, ಪಾದ ನೋಡಿ ಅವನು ಹೋಗುವ ದಿಕ್ಕನ್ನು ಊಹಿಸಬೇಕು. ಈ ಜಾಗವೂ ಮೊದಲಿನಿಂದ ಇದ್ದದ್ದಲ್ಲ. 1950ರ ದಶಕದಲ್ಲಿ ಷಿಕಾಗೊ ಬೇರ್ಸ್ ತಂಡದ ಬಿಲ್ ಜಾರ್ಜ್ ಸಾಲಿನ ನಡುವೆ ಬಾಗಿ ನಿಲ್ಲುತ್ತಿದ್ದವರು. ತಲೆಯ ಮೇಲಿಂದ ಚೆಂಡು ಹಾರಿಹೋಗುವುದನ್ನು ಕಂಡು ರೇಗಿ ಎದ್ದು ಹಿಂದೆ ಸರಿದರು ಎಂಬ ಕಥೆಯನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ನಡುಗಾವಲಿನ ಲೈನ್‌ಬ್ಯಾಕರ್ ಹುಟ್ಟಿದ್ದು ಹಾಗೆ.

ಆ ಕಾಲದ ದಂತಕಥೆ ಎಂದರೆ ಫಿಲಡೆಲ್ಫಿಯಾ ಈಗಲ್ಸ್‌ನ ಚಕ್ ಬೆಡ್ನಾರಿಕ್. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಜರ್ಮನಿಯ ಮೇಲೆ 30 ಸಲ ಹಾರಿ ಬಂದವರು. 1949ರಿಂದ 1962ರವರೆಗೆ 14 ಋತು ಆಡಿ, ತಪ್ಪಿಸಿದ್ದು ಮೂರೇ ಪಂದ್ಯ. ಆಟದ ಸಂಬಳ ಸಾಲದೆ ಬಿಡುವಿನಲ್ಲಿ ಕಾಂಕ್ರೀಟ್ ಮಾರುತ್ತಿದ್ದರು. ‘ಕಾಂಕ್ರೀಟ್ ಚಾರ್ಲಿ’ ಎಂಬ ಅಡ್ಡಹೆಸರು ಅಂಟಿತು. 1960ರ ನವೆಂಬರ್‌ನಲ್ಲಿ ಅವರು ಕೊಟ್ಟ ಒಂದು ಡಿಕ್ಕಿಗೆ ನ್ಯೂಯಾರ್ಕ್ ಜೈಂಟ್ಸ್‌ನ ತಾರೆ ಫ್ರ್ಯಾಂಕ್ ಗಿಫರ್ಡ್ ಪ್ರಜ್ಞೆ ತಪ್ಪಿ ಬಿದ್ದು, ಮುಂದಿನ ಇಡೀ ಋತು ಆಡಲಿಲ್ಲ. ಅದೇ ವರ್ಷ ಡಿಸೆಂಬರ್ 26ರ ಫೈನಲ್‌ನಲ್ಲಿ ಎದುರಾಳಿ ಗ್ರೀನ್ ಬೇ ತಂಡ. ಈಗಲ್ಸ್ 17–13ರಿಂದ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ಚೆಂಡು ಹಿಡಿದು ನುಗ್ಗಿದ ಜಿಮ್ ಟೇಲರ್ ಗುರಿಗೆರೆಗೆ ಹತ್ತು ಗಜವೂ ಇಲ್ಲದ ಕಡೆ ಬೆಡ್ನಾರಿಕ್ ಕೈಗೆ ಸಿಕ್ಕರು. ಗಡಿಯಾರ ಸೊನ್ನೆಗೆ ಇಳಿಯುವವರೆಗೂ ಬೆಡ್ನಾರಿಕ್ ಅವರ ಮೇಲಿಂದ ಏಳಲಿಲ್ಲ.

ಇದನ್ನು ಓದುವ ಕಬಡ್ಡಿ ಪ್ರೇಮಿಗೆ ಬೇರೆ ವಿವರಣೆ ಬೇಕೆ? ದಾಳಿಗಾರನ ಉಸಿರು ಒಡೆಯುವವರೆಗೆ ಅವನನ್ನು ಗೆರೆಯಿಂದ ಗೇಣುದ್ದ ಆಚೆ ಅದುಮಿ ಹಿಡಿಯುವುದು ನಮ್ಮ ಕ್ಯಾಚರ್‌ನ ನಿತ್ಯದ ಕೆಲಸ.

ಎರಡಕ್ಕೂ ಇನ್ನೊಂದು ಸಾಮ್ಯವಿದೆ, ಅದು ಅಷ್ಟು ಸಂತೋಷದ್ದಲ್ಲ. 1965ರಿಂದ 1973ರವರೆಗೆ ಬೇರ್ಸ್‌ಗೆ ಆಡಿದ ಡಿಕ್ ಬಟ್ಕಸ್‌ರನ್ನು ಆ ಜಾಗದ ಸರ್ವಶ್ರೇಷ್ಠ ಎನ್ನುವವರು ಬಹಳ. ಅವರು ಎಷ್ಟು ಮಂದಿಯನ್ನು ಕೆಡಹಿದರೆಂಬ ಅಧಿಕೃತ ಲೆಕ್ಕ ಇಲ್ಲ. ಚೆಂಡೆಸೆಯುವವನನ್ನೇ ಎಸೆಯುವ ಮೊದಲು ಕೆಡವಿದರೆ ಅದನ್ನು ಆಟಗಾರನ ಹೆಸರಿಗೆ ಅಧಿಕೃತವಾಗಿ ಬರೆದುಕೊಳ್ಳುವ ಪದ್ಧತಿ ಶುರುವಾದದ್ದೇ 1982ರಲ್ಲಿ. ಓಡಿದವನ ಪ್ರತಿ ಗಜವೂ ದಾಖಲಾಯಿತು, ತಡೆದವನದು ಪ್ರೇಕ್ಷಕರ ನೆನಪಿನಲ್ಲಷ್ಟೇ ಉಳಿಯಿತು.

ನಮ್ಮಲ್ಲೂ ಅದೇ ಕಥೆ, ಇನ್ನೂ ದೀರ್ಘವಾಗಿ.

ಕಬಡ್ಡಿಗೆ ಬರೆದಿಟ್ಟ ನಿಯಮ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಹೆಚ್ಚಾಗಿ ಮಹಾರಾಷ್ಟ್ರ ಮತ್ತು ಬಡೋದೆಯ ವ್ಯಾಯಾಮಶಾಲೆಗಳ ಕೈಯಲ್ಲಿ. ಅದಕ್ಕೂ ಮೊದಲು ಮೂರು ಪಂಥಗಳು ಬಳಕೆಯಲ್ಲಿದ್ದವು. ಅಮರ್ ಪದ್ಧತಿಯಲ್ಲಿ ಔಟಾದವನು ಅಂಕಣ ಬಿಡಬೇಕಿಲ್ಲ, ಎದುರಾಳಿಗೆ ಅಂಕ ಮಾತ್ರ. ಗಾಮಿನಿಯಲ್ಲಿ ಹೊರಗೆ ಹೋದವನು ಹೋದ ಹಾಗೆಯೇ, ಏಳೂ ಜನ ಖಾಲಿಯಾಗುವವರೆಗೆ ಮರಳುವಂತಿಲ್ಲ. ಸಂಜೀವಿನಿಯಲ್ಲಿ ಮಾತ್ರ ಎದುರಾಳಿ ಒಬ್ಬ ಬಿದ್ದರೆ ನಮ್ಮವನೊಬ್ಬ ಎದ್ದು ಬರುತ್ತಾನೆ. ಕೊನೆಗೆ ಗೆದ್ದದ್ದು ಸಂಜೀವಿನಿ. ಕ್ಯಾಚರ್‌ನ ಬದುಕನ್ನು ಬದಲಿಸಿದ ಮೊದಲ ದೊಡ್ಡ ತೀರ್ಮಾನ ಇದು. ಒಂದು ಹಿಡಿತಕ್ಕೆ ಅಂಕವೂ ಬಂತು, ಹೊರಗೆ ಕೂತ ಸಂಗಾತಿಗೆ ಜೀವವೂ ಬಂತು.

1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಈ ಆಟವನ್ನು ಪ್ರದರ್ಶಿಸಿತು. 1950ರಲ್ಲಿ ರಾಷ್ಟ್ರೀಯ ಒಕ್ಕೂಟ, 1952ರಲ್ಲಿ ಮದ್ರಾಸಿನಲ್ಲಿ ಮೊದಲ ಪುರುಷರ ರಾಷ್ಟ್ರೀಯ ಪಂದ್ಯಾವಳಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ, 1990ರಲ್ಲಿ ಬೀಜಿಂಗ್‌ನಲ್ಲಿ ಪದಕದ ಆಟ. ಅಲ್ಲಿಂದ 2014ರವರೆಗೆ ಭಾರತದ ಪುರುಷರು ಸತತ ಏಳು ಚಿನ್ನ ಗೆದ್ದರು. ಇವನ್ನೆಲ್ಲ ಕ್ರೀಡಾ ಕೈಪಿಡಿಗಳು ಹೇಳುತ್ತವೆ. ಈ ಏಳು ಚಿನ್ನದಲ್ಲಿ ಯಾವ ಫೈನಲ್‌ನಲ್ಲಿ ಯಾರು ಯಾರ ಕಾಲು ಹಿಡಿದರು ಎಂದು ಅವುಗಳಲ್ಲಿ ಹುಡುಕಿದರೆ ಕೈಗೆ ಸಿಗುವುದು ಅಲ್ಪ.

ಹಾಗಾದರೆ ಹಿಡಿಯುವುದರಲ್ಲಿ ಇರುವ ವಿದ್ಯೆ ಏನು? ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ತಂಡದ ಪಾಲಿಗೆ ಬರುವುದು ಅದರ ಅರ್ಧ. ಅಲ್ಲಿ ಏಳು ಜನ ಬಿಲ್ಲಿನಂತೆ ಬಾಗಿ ನಿಲ್ಲುತ್ತಾರೆ. ಎರಡು ತುದಿಗೆ ಕಾರ್ನರ್, ಅವರ ಪಕ್ಕ ಇನ್, ಆಮೇಲೆ ಕವರ್, ನಟ್ಟನಡುವೆ ಸೆಂಟರ್. ಕಾರ್ನರ್‌ನವನ ಕಣ್ಣು ದಾಳಿಗಾರನ ಹಿಮ್ಮಡಿಯ ಮೇಲೆ. ಬೋನಸ್ ಗೆರೆಗೆ ಅವನು ಪಾದ ಚಾಚಿದ ಆ ಕ್ಷಣಕ್ಕೆ ದೇಹದ ಭಾರವೆಲ್ಲ ಇನ್ನೊಂದು ಕಾಲಿನ ಮೇಲಿರುತ್ತದೆ. ಆಗ ಹಾರಿ ಹಿಡಿದರೆ ಅದು ಆ್ಯಂಕಲ್ ಹೋಲ್ಡ್, ಅರೆಗಳಿಗೆ ತಡವಾದರೆ ಸ್ವಂತ ಔಟ್. ಕವರ್‌ನವನದು ಬೇರೆ ಲೆಕ್ಕ. ದಾಳಿಗಾರ ಮೂಲೆಯ ಕಡೆ ನೋಡುತ್ತಿರುವಾಗ ಎದೆಗೆ ಎದೆ ಕೊಟ್ಟು ಬ್ಲಾಕ್ ಮಾಡಬೇಕು, ಇಲ್ಲವೇ ಭುಜ ಕೊಟ್ಟು ಅಂಕಣದಾಚೆ ಡ್ಯಾಶ್ ಮಾಡಬೇಕು. ಲೈನ್‌ಬ್ಯಾಕರ್‌ಗೆ ಹತ್ತಿರದ ಸಂಬಂಧಿ ಯಾರೆಂದರೆ ಈ ಕವರ್‌ನವನೇ.

ಇಬ್ಬರು ಕೈ ಕೈ ಹಿಡಿದು ಮಾಡುವ ಚೈನ್ ಇವೆಲ್ಲಕ್ಕಿಂತ ಸೊಗಸು. ಒಬ್ಬನ ಅವಸರ ಇನ್ನೊಬ್ಬನ ಔಟ್ ಆಗುವುದರಿಂದ ಇಲ್ಲಿ ಮಾತಿಲ್ಲದ ಒಪ್ಪಂದ ಬೇಕು. ಒಂದೇ ಕೇರಿಯಲ್ಲಿ ಬೆಳೆದ, ಒಂದೇ ಗದ್ದೆಯಲ್ಲಿ ಆಡಿದ ಹುಡುಗರ ಚೈನ್ ಬಿಗಿಯಾಗಿರುವುದು ಸುಮ್ಮನೆ ಅಲ್ಲ. ಕಾಲುಗಳನ್ನು ಕತ್ತರಿಯಂತೆ ಹೆಣೆದು ಹಿಡಿಯುವಂತಿಲ್ಲ, ಬಾಯಿ ಮುಚ್ಚಿ ಉಸಿರು ಕೆಡಿಸುವಂತಿಲ್ಲ, ಬಟ್ಟೆಯನ್ನೋ ಕೂದಲನ್ನೋ ಎಳೆಯುವಂತಿಲ್ಲ. ಮೈಗೆ ಎಣ್ಣೆ ಹಚ್ಚಿ ಜಾರುವುದಕ್ಕೂ ನಿಷೇಧವಿದೆ. ನಿಯಮವಾಗಿ ಬರೆದಿಟ್ಟಿದ್ದಾರೆ ಎಂದರೆ ಅದನ್ನು ಮಾಡಿ ನೋಡಿದವರು ಇದ್ದರು ಎಂದೇ ಅರ್ಥ.

ಮಣ್ಣಿನಿಂದ ಮ್ಯಾಟ್‌ಗೆ ಬಂದಾಗ ಕಸುಬು ಇನ್ನೊಮ್ಮೆ ಬದಲಾಯಿತು. ಮಣ್ಣಿನಲ್ಲಿ ಬರಿಗಾಲು ಜಾರುತ್ತಿತ್ತು, ಹಿಡಿದವನಿಗೂ ಹಿಡಿಸಿಕೊಂಡವನಿಗೂ. ಮ್ಯಾಟ್ ಮೇಲೆ ಬೂಟು ಕಚ್ಚಿ ನಿಲ್ಲುತ್ತದೆ, ದಾಳಿಗಾರ ಗಕ್ಕನೆ ದಿಕ್ಕು ಬದಲಿಸಬಲ್ಲ, ಜಿಗಿಯಬಲ್ಲ, ಚೈನ್‌ನ ಅಡಿಯಿಂದ ತಲೆ ತಗ್ಗಿಸಿ ನುಸುಳುವ ಡುಬ್ಕಿ ಹೊಡೆಯಬಲ್ಲ. ಉಸಿರಿನ ಜೊತೆಗೆ 30 ಸೆಕೆಂಡಿನ ಗಡಿಯಾರವೂ ಬಂತು. ದಾಳಿಗಾರನನ್ನು ಆಡಿಸಿ ದಣಿಸುವ ಹಳೆಯ ತಾಳ್ಮೆಯ ಆಟ ಹಿಂದೆ ಸರಿದು ಎರಗುವ ಆಟ ಮುಂದೆ ಬಂತು. ಗದ್ದೆಯಲ್ಲಿ ಕಲಿತ ಹಿರಿಯರು ಇದನ್ನು ಪೂರ್ತಿ ಮೆಚ್ಚುವುದಿಲ್ಲ. ಅವರ ಮುನಿಸಿನಲ್ಲಿ ಸ್ವಲ್ಪ ನ್ಯಾಯವೂ ಇದೆ.

2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಹಿಡಿತಕ್ಕೆ ಕೊನೆಗೂ ಲೆಕ್ಕ ಬಂತು. ಟಿವಿಗೆ ಅಂಕಿಅಂಶ ಬೇಕಿತ್ತು, ಹೀಗಾಗಿ ಪ್ರತಿ ಟ್ಯಾಕಲ್‌ಗೂ ಒಂದು ಹೆಸರು ಅಂಟಿತು. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆ ಮಂದಿಯೋ ಉಳಿದಾಗ ಹಿಡಿದರೆ ಒಂದು ಹೆಚ್ಚುವರಿ ಅಂಕ; ಅದೇ ಸೂಪರ್ ಟ್ಯಾಕಲ್. ಎರಡು ದಾಳಿ ಬರಿಗೈಯಲ್ಲಿ ಮರಳಿದರೆ ಮೂರನೆಯದು ಮಾಡು ಇಲ್ಲವೇ ಮಡಿ. ಈ ಎರಡು ನಿಯಮ ಸೇರಿ ಕ್ಯಾಚರ್‌ನನ್ನು ಕ್ಯಾಮೆರಾದ ಎದುರಿಗೆ ತಂದವು. 1960ರಲ್ಲಿ ಅಮೆರಿಕದ ಟಿವಿಯವರು ಸ್ಯಾಮ್ ಹಫ್ ಎಂಬ ಲೈನ್‌ಬ್ಯಾಕರ್‌ನ ಮೈಗೆ ಮೈಕ್ ಕಟ್ಟಿ ಕಾರ್ಯಕ್ರಮ ಮಾಡಿದಾಗ ಅಲ್ಲಿ ಆದದ್ದೂ ಇದೇ. ಗಣಿ ಕಾರ್ಮಿಕನ ಮಗ ಹಫ್ ಅದಕ್ಕೂ ಹಿಂದಿನ ವರ್ಷವೇ ಟೈಮ್ ವಾರಪತ್ರಿಕೆಯ ಮುಖಪುಟಕ್ಕೆ ಏರಿದ್ದರು.

ಆದರೂ ತಕ್ಕಡಿ ಸಮ ಎನ್ನಲಾಗದು. 2017ರ ಐದನೆಯ ಆವೃತ್ತಿಯಲ್ಲಿ ಪ್ರದೀಪ್ ನರ್ವಾಲ್ ದಾಳಿಯಲ್ಲಿ 369 ಅಂಕ ತಂದರು. ಮರುವರ್ಷ ನಿತೇಶ್ ಕುಮಾರ್ ಒಂದೇ ಆವೃತ್ತಿಯಲ್ಲಿ 100 ಟ್ಯಾಕಲ್ ಅಂಕ ಮುಟ್ಟಿದ ಮೊದಲಿಗರಾದರು. ದಾಳಿಗಾರ ಒಂದೇ ಏಟಿಗೆ ಮೂರು ಮಂದಿಯನ್ನು ಮುಟ್ಟಿ ಬರಬಹುದು, ಕ್ಯಾಚರ್‌ಗೆ ಸಿಗುವವನು ಯಾವಾಗಲೂ ಒಬ್ಬನೇ. ಒಂದು ಪಂದ್ಯದಲ್ಲಿ ದಾಳಿಯ ಹತ್ತು ಅಂಕಕ್ಕೆ ಸೂಪರ್ ಟೆನ್, ಹಿಡಿತದ ಐದು ಅಂಕಕ್ಕೆ ಹೈ ಫೈವ್ ಎಂದು ಲೀಗ್ ಕರೆಯುವುದರಲ್ಲೇ ಕಸುಬಿನ ಕಷ್ಟದ ಒಪ್ಪಿಗೆ ಇದೆ.

ಬೆಂಗಳೂರಿಗರಿಗೆ ಮೊದಲು ಹತ್ತಿರವಾದ ಕ್ಯಾಚರ್ ದೆಹಲಿಯ ನಿಜಾಂಪುರದ ಮಂಜೀತ್ ಛಿಲ್ಲರ್. ಮೊದಲ ಆವೃತ್ತಿಗಳಲ್ಲಿ ಬೆಂಗಳೂರು ಬುಲ್ಸ್ ನಾಯಕ, 2015ರ ಫೈನಲ್‌ಗೆ ತಂಡವನ್ನು ಒಯ್ದವರು. ಅಲ್ಲಿ ಯು ಮುಂಬಾ 36–30ರಿಂದ ಗೆದ್ದಿತು. ಬುಲ್ಸ್ ಪ್ರಶಸ್ತಿ ಗೆದ್ದದ್ದು 2019ರ ಜನವರಿ 5ರಂದು, ಗುಜರಾತ್ ವಿರುದ್ಧ 38–33ರಿಂದ. ಆ ರಾತ್ರಿಯ ಕಥೆ ಪೂರ್ತಿ ದಾಳಿಗಾರ ಪವನ್ ಸೆಹ್ರಾವತ್ ಅವರದು, 22 ಅಂಕ.

ಕರ್ನಾಟಕದ ಕೊಡುಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಬೇರೆ ಕಡೆ. 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಆಡುವ ಕಾಲ ಮುಗಿದ ಮೇಲೆ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್‌ಗೆ ಕಪ್ ತಂದುಕೊಟ್ಟರು. ಪಲ್ಟನ್ ಗೆದ್ದ ಆ ಫೈನಲ್ ಮುಗಿದದ್ದು 28–25ಕ್ಕೆ. ಇಷ್ಟು ಕಡಿಮೆ ಅಂಕದ ಫೈನಲ್ ಎಂದರೆ ಎರಡೂ ಕಡೆ ಹಿಡಿತದ ಆಟ ನಡೆಯಿತು ಎಂದೇ ಲೆಕ್ಕ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳಾ ವಿಶ್ವಕಪ್‌ನಲ್ಲಿ ನಾಯಕಿ. ಅವರ ಬದುಕಿಗೆ ಆಸರೆಯಾದದ್ದು ರೈಲ್ವೆ ನೌಕರಿ. ಬೆಡ್ನಾರಿಕ್‌ಗೆ ಕಾಂಕ್ರೀಟ್ ಇದ್ದಂತೆ ನಮ್ಮ ಆಟಗಾರರ ತಲೆಮಾರುಗಳಿಗೆ ರೈಲ್ವೆ, ಬ್ಯಾಂಕು, ಪೊಲೀಸ್ ಇಲಾಖೆ ಇದ್ದವು.

ಹಿಡಿತದ ಬೆಲೆಯನ್ನು ಭಾರತಕ್ಕೆ ಸರಿಯಾಗಿ ತಿಳಿಸಿದವರು ಮಾತ್ರ ಇರಾನಿಗಳು. ಕುಸ್ತಿಯ ಆ ನಾಡಿನ ಹುಡುಗರಿಗೆ ಸೊಂಟ, ತೊಡೆ, ಹಿಮ್ಮಡಿಯ ಪಾಠ ಬೇರೆ ಹೇಳಿಕೊಡಬೇಕಿರಲಿಲ್ಲ. 2018ರ ಜಕಾರ್ತಾ ಏಷ್ಯನ್ ಕೂಟದ ಸೆಮಿಫೈನಲ್‌ನಲ್ಲಿ ಅವರು ಭಾರತದ ಪುರುಷರನ್ನು 27–18ರಿಂದ ಸೋಲಿಸಿದರು, ಫೈನಲ್‌ನಲ್ಲಿ ಅವರ ಮಹಿಳೆಯರು ಭಾರತವನ್ನು 27–24ರಿಂದ. ಆ ಮಹಿಳಾ ತಂಡಕ್ಕೆ ತರಬೇತಿ ಕೊಟ್ಟವರು ನಾಸಿಕ್‌ನ ಶೈಲಜಾ ಜೈನ್. ಇರಾನ್ ನಾಯಕ ಫಜಲ್ ಅತ್ರಾಚಲಿ ಅದೇ ವರ್ಷದ ಹರಾಜಿನಲ್ಲಿ ಒಂದು ಕೋಟಿ ರೂಪಾಯಿಗೆ ಯು ಮುಂಬಾ ಸೇರಿದ್ದರು. ಪ್ರೊ ಕಬಡ್ಡಿಯಲ್ಲಿ ಮೊದಲು ಕೋಟಿ ಮುಟ್ಟಿದ ಆಟಗಾರ ಒಬ್ಬ ಎಡ ಕಾರ್ನರ್ ಎಂಬುದು ಸಣ್ಣ ಸಂಗತಿಯಲ್ಲ. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ 12.8 ಲಕ್ಷ ಇತ್ತು. 2023ರಲ್ಲಿ ಇನ್ನೊಬ್ಬ ಇರಾನಿ, ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು.

ಅದೇ 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕೂಟದ ಫೈನಲ್ 28–28ರಲ್ಲಿ ನಿಂತುಹೋಯಿತು. ದಾಳಿಗೆ ಹೋದ ಪವನ್ ಯಾರನ್ನೂ ಮುಟ್ಟದೆ ಅಂಕಣದ ಬದಿಯ ಪಟ್ಟಿಯಾದ ಲಾಬಿಗೆ ಕಾಲಿಟ್ಟರು, ಹಿಡಿಯಲು ನುಗ್ಗಿದ ಇರಾನಿನ ಕ್ಯಾಚರ್‌ಗಳೂ ಅವರ ಹಿಂದೆಯೇ ಲಾಬಿಗೆ ಹೋದರು. ಹಳೆಯ ನಿಯಮದಂತೆ ಎಲ್ಲರೂ ಔಟ್, ಹೊಸದರಂತೆ ದಾಳಿಗಾರನೊಬ್ಬನೇ ಔಟ್. ಸುಮಾರು ಒಂದು ಗಂಟೆ ವಾದ ನಡೆದು, ಭಾರತಕ್ಕೆ ನಾಲ್ಕು, ಇರಾನಿಗೆ ಒಂದು ಅಂಕ ಸಿಕ್ಕಿ, ಉಳಿದ ಆಟವೂ ಮುಗಿದಾಗ ಭಾರತ 33–29ರಿಂದ ಚಿನ್ನ ಗೆದ್ದಿತು. ಹಿಡಿಯಲು ಓಡುವುದೇ ತಪ್ಪಾಗುವ ನಿಯಮ ಕ್ಯಾಚರ್‌ಗೆ ನ್ಯಾಯವಲ್ಲ. ಚಿನ್ನ ನಮಗೇ ಬಂತು ಎಂಬ ಕಾರಣಕ್ಕೆ ಇದನ್ನು ಹೇಳದೆ ಇರಲಾಗದು.

ಪಂದ್ಯಾವಳಿ ನಡೆಸುವ ಮಲ್ಲಾಪುರ, ಕಾರವಾರ, ಅಂಕೋಲಾ ಕಡೆಯ ಯುವಕ ಸಂಘಗಳಲ್ಲಿ ಒಂದೇ ಕೋರಿಕೆ. ದೂರದ ಲೀಗ್‌ಗಿಂತ ಎಷ್ಟೋ ಮೊದಲೇ ಉತ್ತಮ ಹಿಡಿತಗಾರನಿಗೆ ಬೇರೆ ಬಹುಮಾನ ಇಟ್ಟ ಹೆಮ್ಮೆ ಹಳ್ಳಿಯ ಪಂದ್ಯಾವಳಿಗಳದು. ಬೆಳಗಿನ ಜಾವ ಫೈನಲ್ ಮುಗಿದ ಮೇಲೆ ಸ್ಕೋರ್ ಶೀಟನ್ನು ರದ್ದಿಗೆ ಹಾಕಬೇಡಿ. ಪ್ರತಿ ಹಿಡಿತದ ಎದುರು ಹಿಡಿದವನ ಹೆಸರನ್ನೂ ಊರನ್ನೂ ಬರೆದು, ತಾರೀಕು ಹಾಕಿ, ಸಂಘದ ಕಪಾಟಿನಲ್ಲಿ ಇಡಿ.