ಕಿತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜ್: ಸಂಸ್ಥೆಗಳ ಸಹಕಾರದ ಒಂದು ಅಧ್ಯಾಯ

ದೆಹಲಿಯ ಮಗ್ಗುಲಲ್ಲಿ 1976ರಲ್ಲಿ ಸ್ಥಾಪಿತವಾದ ನೋಯ್ಡಾ ಇಂದು ಮೊಬೈಲ್ ಫೋನುಗಳನ್ನು ತಯಾರಿಸುವ ಪ್ರಮುಖ ನಗರಗಳಲ್ಲೊಂದು. ಅಲ್ಲಿಂದ ಹೊರಬೀಳುವ ಪ್ರತಿಯೊಂದು ಫೋನಿನಲ್ಲಿಯೂ ಅನೇಕ ಸಂಸ್ಥೆಗಳ ಶ್ರಮ ಅಡಗಿದೆ. ಇಂತಹ ಕೂಡುದುಡಿಮೆಯಿಂದ ಹೊಸತು ಹುಟ್ಟುವುದು ಯಾವಾಗ, ಕುಂಠಿತವಾಗುವುದು ಯಾವಾಗ ಎಂಬುದನ್ನು ತಿಳಿಯಬಯಸುವವರು ದೆಹಲಿ ಬೆಂಗಳೂರುಗಳನ್ನು ಬೆಸೆದ ಹಿಂದಿನ ಪ್ರಯತ್ನವೊಂದನ್ನು ಅವಲೋಕಿಸುವುದು ಉಚಿತ.

1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾಯಿತು. ದೂರವಾಣಿನಗರವೆಂಬ ಹೆಸರು ಅದರಿಂದಲೇ ಬಂದುದು. ಆದರೆ ಅಲ್ಲಿ ತಯಾರಾದ ಎಕ್ಸ್‌ಚೇಂಜುಗಳ ಮೂಲವಿನ್ಯಾಸ ಬಹುಕಾಲ ಹೆಚ್ಚಾಗಿ ವಿದೇಶದ್ದೇ ಆಗಿತ್ತು. ಮನೆಮನೆಗೂ ಫೋನಿರುವ ನಾಡುಗಳಿಗಾಗಿ ರಚಿತವಾದ ಯಂತ್ರಗಳವು. ಭಾರತದಲ್ಲಾದರೋ ಒಂದೇ ಫೋನನ್ನು ಹಲವರು ಬಳಸುತ್ತಿದ್ದುದರಿಂದ ಕರೆಗಳ ಹೊರೆ ವಿಪರೀತ. ಹಳ್ಳಿಗಳಲ್ಲಿ ಸೆಕೆ, ಧೂಳು, ವಿದ್ಯುತ್ತಿನ ಅಭಾವ.

ಈ ತೊಡಕನ್ನು ಬಿಡಿಸಲು ಬೇಕಾದ ಅರಿವು ಒಂದೆಡೆ ಇರಲಿಲ್ಲ. ಕರೆಗಳ ಹೊರೆಯನ್ನು ಬಲ್ಲವರು ಅಂಚೆ ತಂತಿ ಇಲಾಖೆಯ ಎಂಜಿನಿಯರರು. ಡಿಜಿಟಲ್ ವಿದ್ಯೆಯನ್ನು ಬಲ್ಲವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು. ತಯಾರಿಕೆಯ ಅನುಭವವುಳ್ಳವು ಕಾರ್ಖಾನೆಗಳು. ಇವರನ್ನು ಒಂದುಗೂಡಿಸಲೆಂದು 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ ಸಿ-ಡಾಟ್ ಸಂಸ್ಥೆ ಉದಯಿಸಿತು. ದೆಹಲಿ ಮತ್ತು ಬೆಂಗಳೂರುಗಳು ಅದರ ಕಾರ್ಯಸ್ಥಾನಗಳು. ಅವಧಿ 36 ತಿಂಗಳು, ಹಣ 36 ಕೋಟಿ ರೂಪಾಯಿ. ಸಂಸ್ಥೆಯು ತಾನೇ ಕಾರ್ಖಾನೆ ತೆರೆಯಲಿಲ್ಲ. ವಿನ್ಯಾಸವನ್ನು ಸರಕಾರಿ ಮತ್ತು ಖಾಸಗಿ ತಯಾರಕರಿಗೆ ಪರವಾನಗಿಯ ಮೂಲಕ ಹಂಚಿ, ಅವರಿಗೆ ತರಬೇತಿಯನ್ನಿತ್ತಿತು.

1824ರ ರಾಣಿ ಚೆನ್ನಮ್ಮನ ಹೋರಾಟದಿಂದ ಪ್ರಖ್ಯಾತವಾದ ಕಿತ್ತೂರಿನಲ್ಲಿ 1986ರ ಜುಲೈ ತಿಂಗಳಿನಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕಾರ್ಯಾರಂಭ ಮಾಡಿತು. ತಂಪುಗೊಳಿಸಿದ ಕೋಣೆಯ ಹಂಗಿಲ್ಲದೆ ನಡೆಯುವುದೇ ಅದರ ವೈಶಿಷ್ಟ್ಯ. ಹಳ್ಳಿಯ ಸೆಕೆಯನ್ನು ಕಂಡವರೂ ಯಂತ್ರವನ್ನು ರಚಿಸಿದವರೂ ಒಂದೇ ಮೇಜಿನ ಸುತ್ತ ಕುಳಿತುದರ ಫಲವದು.

ಆದರೂ ಈ ಕೂಟಕ್ಕೆ ಮಿತಿಗಳಿದ್ದುವು. ಸಣ್ಣ ಯಂತ್ರ ಬೇಗನೆ ಕೈಗೂಡಿತು. ನಗರಗಳಿಗೆ ಬೇಕಾದ ದೊಡ್ಡ ಎಕ್ಸ್‌ಚೇಂಜ್ ಮಾತ್ರ 1987ರ ಗಡುವಿನೊಳಗೆ ಸಿದ್ಧವಾಗಲಿಲ್ಲ. ಅಲ್ಲದೆ ತಯಾರಕರು ಅನೇಕರಾದರೂ ಮುಖ್ಯ ಗಿರಾಕಿ ದೂರಸಂಪರ್ಕ ಇಲಾಖೆಯೊಂದೇ. ಆ ಇಲಾಖೆಯ ಒಲವು ಬದಲಾದರೆ ಇಡೀ ಕೂಟವೇ ಅಲುಗುವಂತಿತ್ತು. 1991ರ ಬಳಿಕ ವಿದೇಶೀ ಕಂಪನಿಗಳು ಈ ಕ್ಷೇತ್ರವನ್ನು ಪ್ರವೇಶಿಸಿದಾಗ ಪೈಪೋಟಿ ತೀವ್ರವಾಯಿತು.

ಕೆಲಸವನ್ನು ಹಂಚಿಕೊಳ್ಳುವುದು ಬೇರೆ, ಅರಿವನ್ನು ಹಂಚಿಕೊಳ್ಳುವುದು ಬೇರೆ. ಮೊದಲನೆಯದರಿಂದ ಉತ್ಪಾದನೆ ಹೆಚ್ಚೀತು. ಹೊಸ ಸೃಷ್ಟಿಗೆ ಎರಡನೆಯದು ಬೇಕು. ಬಿಡಿಭಾಗಗಳನ್ನು ಜೋಡಿಸುವುದರಲ್ಲಿ ಕುಶಲವಾದ ನೋಯ್ಡಾ, ವಿನ್ಯಾಸದಲ್ಲಿಯೂ ಸ್ವತಂತ್ರವಾಗಬೇಕಾದರೆ ಕಿತ್ತೂರಿನ ಈ ಪಾಠವನ್ನು ಮರೆಯಲಾಗದು.